ಪೆದ್ರೊ ಇನ್ಫಾಂತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ಇವರ ಹಾಡು ಹಾಕಿದಾಗ ಬಂದವರು ಮೊದಲು ಸುಮ್ನೆ ಕೂತಿರುತ್ತಾರೆ. ಎರಡನೇ ಚರಣ ಬರುವ ಹೊತ್ತಿಗೆ ತಲೆ ಎತ್ತಿ, "ಯಾರಿದು?" ಅಂತಾರೆ. ಆಮೇಲೆ ಒಂದರ ಹಿಂದೆ ಒಂದು ಪ್ರಶ್ನೆ ಬರುತ್ತದೆ. ಹಾಗೆ ಬಂದ ಪ್ರಶ್ನೆಗಳಿಗೆ ನಾನು ಕೊಡುವ ಉತ್ತರಗಳನ್ನೇ ಇಲ್ಲಿ ಬರೆದಿದ್ದೇನೆ.

ಯಾರು ಈ ಪೆದ್ರೊ ಇನ್ಫಾಂತೆ?

ಮೆಕ್ಸಿಕೋದ ಗಾಯಕ ಮತ್ತು ಸಿನಿಮಾ ನಟ. ಹುಟ್ಟಿದ್ದು 1917ರ ನವೆಂಬರ್ 18. ತೀರಿಕೊಂಡಿದ್ದು 1957ರ ಏಪ್ರಿಲ್ 15. ನಲವತ್ತು ತುಂಬಲಿಲ್ಲ. ಅಷ್ಟರಲ್ಲೇ ಅರವತ್ತರ ಆಸುಪಾಸು ಚಿತ್ರಗಳಲ್ಲಿ ನಟಿಸಿ, ಮುನ್ನೂರಕ್ಕೂ ಜಾಸ್ತಿ ಹಾಡು ಧ್ವನಿಮುದ್ರಿಸಿದ್ದರು.

ಮೆಕ್ಸಿಕೋದ ಜನ ಅವರು ಬೆಳೆದ ಊರಿನ ಹೆಸರು ಹಿಡಿದು 'ಗ್ವಾಮೂಚಿಲ್‌ನ ಆರಾಧ್ಯ' ಅಂತ ಕರೆಯುತ್ತಾರೆ. ಇನ್ನೂ ಪ್ರೀತಿ ಬಂದರೆ ಪೆದ್ರಿತೊ, ಅಂದರೆ ನಮ್ಮ ಪುಟ್ಟ ಪೆದ್ರೊ. ಅವರು ಹೋಗಿ ಎಷ್ಟೋ ವರ್ಷಗಳ ಮೇಲೆ ಹುಟ್ಟಿದವರೂ ಹೀಗೇ ಕರೆಯುತ್ತಾರೆ.

ಪೆಡ್ರೋ ಅನ್ನಬೇಕಾ, ಪೆದ್ರೊ ಅನ್ನಬೇಕಾ?

ನಮ್ಮ ಪತ್ರಿಕೆಗಳಲ್ಲಿ 'ಪೆಡ್ರೋ' ಅಂತಲೇ ಜಾಸ್ತಿ ಕಾಣುತ್ತದೆ. ಆದರೆ ಸ್ಪ್ಯಾನಿಷ್ ಭಾಷೆಯ ಉಚ್ಚಾರ ನಮ್ಮ ತ, ದ ಇದ್ದ ಹಾಗೆ ಮೆತ್ತಗೆ. ಟ, ಡ ಅಲ್ಲ. ಕನ್ನಡದಲ್ಲಿ ಎರಡಕ್ಕೂ ಬೇರೆ ಬೇರೆ ಅಕ್ಷರ ಇರುವುದರಿಂದ ನಾವು ಅವರ ಹೆಸರನ್ನು ಅವರ ಊರಿನವರು ಹೇಳುವ ಹಾಗೆಯೇ ಬರೆಯಬಹುದು. ಹಾಗಾಗಿ ನಾನು ಪೆದ್ರೊ ಇನ್ಫಾಂತೆ ಅಂತಲೇ ಬರೆಯುತ್ತೇನೆ.

ಅವರು ನಿಜವಾಗಿಯೂ ಬಡಗಿ ಕೆಲಸ ಮಾಡಿದ್ದರಾ, ಅದು ಸಿನಿಮಾದ ಕಥೆಯಾ?

ನಿಜವಾಗಿಯೂ ಮಾಡಿದ್ದರು. ಹುಟ್ಟಿದ್ದು ಸಿನಾಲೋವಾ ರಾಜ್ಯದ ಮಸಾತ್ಲಾನ್ ಎಂಬ ಬಂದರು ಊರಿನಲ್ಲಿ. ಬೆಳೆದಿದ್ದು ಅದೇ ರಾಜ್ಯದ ಗ್ವಾಮೂಚಿಲ್‌ನಲ್ಲಿ. ಅಪ್ಪ ದೆಲ್ಫಿನೊ ವಾದ್ಯಗಾರ. ಊರೂರಿನ ಬ್ಯಾಂಡಿನಲ್ಲಿ ನುಡಿಸಿ ಮನೆ ನಡೆಸುತ್ತಿದ್ದವರು. ಅಮ್ಮ ರೆಫೂಹಿಯೊ ಬಟ್ಟೆ ಹೊಲಿಯುತ್ತಿದ್ದರು. ಮನೆ ತುಂಬಾ ಮಕ್ಕಳು. ಪೆದ್ರೊ ಶಾಲೆಯಲ್ಲಿ ಜಾಸ್ತಿ ದಿನ ಉಳಿಯಲಿಲ್ಲ. ಚಿಕ್ಕ ವಯಸ್ಸಿನಲ್ಲೇ ಬಡಗಿಯ ಕೈಕೆಳಗೆ ಕೆಲಸಕ್ಕೆ ಸೇರಿದರು. ಉಳಿ, ಗರಗಸ ಹಿಡಿದ ಕೈ ಅದು. ಮುಂದೆ ಹೆಸರು, ಹಣ ಎಲ್ಲಾ ಬಂದ ಮೇಲೂ ಮರಗೆಲಸದ ಮೇಲಿನ ಆಸೆ ಹೋಗಲಿಲ್ಲ.

ಸಂಗೀತ ಅಪ್ಪನಿಂದ ಬಂತು. ಗಿಟಾರ್, ಪಿಟೀಲು, ಡ್ರಮ್ ಎಲ್ಲಾ ಕಲಿತರು. ಊರಲ್ಲಿ ಒಂದು ಸಣ್ಣ ವಾದ್ಯಮೇಳ, ಆಮೇಲೆ ಕುಲಿಯಾಕಾನ್ ಪಟ್ಟಣದ ಸ್ವಲ್ಪ ದೊಡ್ಡ ಮೇಳ. ಹೀಗೆ ಹಗಲು ಮರ, ರಾತ್ರಿ ಹಾಡು.

ರಾಜಧಾನಿಗೆ ಹೋಗಿದ್ದು ಹೇಗೆ?

ಹೆಂಡತಿ ಕರೆದುಕೊಂಡು ಹೋದರು ಅನ್ನಬಹುದು. ಮರಿಯಾ ಲೂಯಿಸಾ ಲಿಯೊನ್ ಅವರನ್ನು 1939ರಲ್ಲಿ ಮದುವೆಯಾದರು. ಈ ದನಿ ಊರಲ್ಲೇ ಉಳಿಯಬಾರದು ಅಂತ ಹಟ ಹಿಡಿದಿದ್ದು ಅವರೇ. ಮೆಕ್ಸಿಕೋ ಸಿಟಿಗೆ ಬಂದಾಗ ಕೈಯಲ್ಲಿ ಏನೂ ಇರಲಿಲ್ಲ. ಎಕ್ಸ್‌ಇಬಿ ಎಂಬ ರೇಡಿಯೋ ಕೇಂದ್ರದಲ್ಲಿ ಹಾಡಲು ಅವಕಾಶ ಸಿಕ್ಕಿತು. ನಂತರ ದೊಡ್ಡ ಹೋಟೆಲುಗಳಲ್ಲಿ ಹಾಡಿದರು. ಸಿನಿಮಾದಲ್ಲಿ ಮೊದಮೊದಲು ಗುಂಪಿನಲ್ಲಿ ಒಬ್ಬರು, ಅಷ್ಟೇ. 1943ರಲ್ಲಿ ಪಿಯರ್‌ಲೆಸ್ ಎಂಬ ರೆಕಾರ್ಡ್ ಕಂಪನಿಗೆ ಹಾಡತೊಡಗಿದರು. ಕೊನೆಯವರೆಗೂ ಅಲ್ಲೇ ಇದ್ದರು.

ಆ ಕಾಲದ ಮೆಕ್ಸಿಕನ್ ಸಿನಿಮಾ ಅಷ್ಟು ದೊಡ್ಡದಾಗಿತ್ತಾ?

ಹೌದು. 1930ರ ದಶಕದ ಕೊನೆಯಿಂದ 1950ರ ದಶಕದ ನಡುವಿನವರೆಗಿನ ಕಾಲವನ್ನು ಅಲ್ಲಿ ಚಿನ್ನದ ಯುಗ ಅಂತಾರೆ. ಇದರಲ್ಲಿ ಎರಡನೇ ಮಹಾಯುದ್ಧದ ಪಾತ್ರವೂ ಇದೆ. ಯುದ್ಧದ ವೇಳೆ ಸಿನಿಮಾ ತೆಗೆಯುವ ರೀಲಿಗೇ ಬರ ಬಂತು. ಅಮೆರಿಕ ತನ್ನ ಜೊತೆಗಿದ್ದ ಮೆಕ್ಸಿಕೋಗೆ ರೀಲು ಕೊಟ್ಟಿತು. ತಟಸ್ಥವಾಗಿದ್ದ ಅರ್ಜೆಂಟೀನಾಗೆ ಕಡಿಮೆ ಮಾಡಿತು. ಅತ್ತ ಹಾಲಿವುಡ್ ಯುದ್ಧದ ಚಿತ್ರಗಳಲ್ಲಿ ಮುಳುಗಿತ್ತು. ಹಾಗಾಗಿ ಸ್ಪ್ಯಾನಿಷ್ ಮಾತಾಡುವ ಅಷ್ಟೂ ದೇಶಗಳ ಪರದೆಗಳಲ್ಲಿ ಮೆಕ್ಸಿಕೋದ ಚಿತ್ರಗಳು ತುಂಬಿಕೊಂಡವು. ವೆನೆಜುವೆಲಾ, ಕ್ಯೂಬಾ, ಪೆರು, ಎಲ್ಲೆಡೆ ಜನ ಪೆದ್ರೊ ಹಾಡನ್ನು ಗುನುಗುತ್ತಿದ್ದುದು ಇದರಿಂದ.

ರಾಂಚೆರಾ, ಬೊಲೆರೊ, ಮರಿಯಾಚಿ ಅಂತೆಲ್ಲಾ ಹೇಳ್ತೀರಿ. ಏನಿವು?

ಮರಿಯಾಚಿ ಎಂದರೆ ವಾದ್ಯಮೇಳ. ಪಿಟೀಲುಗಳು, ತುತ್ತೂರಿಗಳು, ಗಿಟಾರ್, ವಿವೆಲಾ ಎಂಬ ಚಿಕ್ಕ ಗಿಟಾರ್, ಗಿಟಾರೊನ್ ಎಂಬ ದಪ್ಪ ಹೊಟ್ಟೆಯ ದೊಡ್ಡ ಗಿಟಾರ್. ಹಾಕುವ ಬಟ್ಟೆ ಚಾರೊ, ಅಂದರೆ ಕುದುರೆ ಸವಾರರ ಉಡುಪು. ಬೆಳ್ಳಿ ಗುಂಡಿ, ಅಗಲ ಟೋಪಿ.

ರಾಂಚೆರಾ ಎಂದರೆ ಹಳ್ಳಿ ಕಡೆಯ ಹಾಡು. ಗಂಟಲು ಬಿಟ್ಟು ಹಾಡುವಂಥದ್ದು. ಪ್ರೀತಿ, ಮೋಸ, ಕುಡಿತ, ಊರಿನ ಹೆಮ್ಮೆ, ಎಲ್ಲಾ ಬರುತ್ತದೆ. ಬೊಲೆರೊ ಕ್ಯೂಬಾದಿಂದ ಬಂದ ನಿಧಾನದ ಪ್ರೇಮಗೀತೆ, ಪೇಟೆಯ ಹಾಡು. ಇವೆರಡನ್ನೂ ಕೂಡಿಸಿದ್ದು ಬೊಲೆರೊ ರಾಂಚೆರೊ. ಮರಿಯಾಚಿ ಮೇಳವೇ ನುಡಿಸುತ್ತದೆ, ಆದರೆ ಹಾಡುಗಾರ ಕೂಗುವುದಿಲ್ಲ. ಹತ್ತಿರ ಕೂತು ಹೇಳಿದ ಹಾಗೆ ಹಾಡುತ್ತಾನೆ. ಸಂಗೀತಗಾರ ರುಬೆನ್ ಫುಯೆಂತೆಸ್ ಈ ಬಗೆಯನ್ನು ಕಟ್ಟಿದವರಲ್ಲಿ ಮುಖ್ಯರು. ಅವರು ಆಲ್ಬೆರ್ತೊ ಸೆರ್ವಾಂತೆಸ್ ಜೊತೆ ಮಾಡಿದ 'ಸಿಯೆನ್ ಆನ್ಯೋಸ್' ಎಂಬ ಹಾಡನ್ನು ಪೆದ್ರೊ ದನಿಯಲ್ಲಿ ಕೇಳಿ. ಹೆಸರಿನ ಅರ್ಥ 'ನೂರು ವರ್ಷ'. ಬೀದಿಯಲ್ಲಿ ಹಳೆಯ ಪ್ರೀತಿ ಎದುರಾಗುತ್ತದೆ, ನೋಡಿಯೂ ನೋಡದ ಹಾಗೆ ಹೋಗುತ್ತದೆ. ಅಷ್ಟೇ ವಿಷಯ.

ಅವರ ದನಿಯಲ್ಲಿ ಅಂಥ ವಿಶೇಷ ಏನು?

ಇದನ್ನು ಹೇಳಲು ಹೋರ್ಹೆ ನೆಗ್ರೆತೆ ಅವರ ಹೆಸರು ತರಲೇಬೇಕು. ಪೆದ್ರೊಗಿಂತ ಮುಂಚೆ ಮೆಕ್ಸಿಕೋದ ದೊಡ್ಡ ತಾರೆ ಅವರು. ಮಿಲಿಟರಿ ಕಾಲೇಜಿನಲ್ಲಿ ಓದಿದವರು, ಒಪೆರಾ ಸಂಗೀತ ಕಲಿತವರು. ಅವರ ದನಿ ಇಡೀ ಸಭಾಂಗಣ ತುಂಬುವ ದನಿ. ಕುದುರೆ ಮೇಲೆ ಕೂತು ಹಾಡಿದರೆ ಜಮೀನ್ದಾರ ಹಾಡಿದ ಹಾಗೆ.

ಪೆದ್ರೊಗೆ ಅಂಥ ಪಾಠ ಇರಲಿಲ್ಲ. ಹಾಗಂತ ದನಿ ಒರಟೂ ಅಲ್ಲ. ಸಾಲಿನ ಕೊನೆಗೆ ಬಂದಾಗ ಅವರು ಉಸಿರನ್ನು ಸ್ವಲ್ಪ ಬಿಟ್ಟುಕೊಡುತ್ತಾರೆ. ನಗು ಇದ್ದರೆ ನಗು ಕೇಳುತ್ತದೆ, ಅಳು ಇದ್ದರೆ ಗಂಟಲು ಕಟ್ಟಿದ್ದು ಕೇಳುತ್ತದೆ. ತೂರಾಡುವ ಕುಡುಕನ ಹಾಡಿದ್ದರೆ ನಾಲಿಗೆ ತೊದಲುತ್ತದೆ. ಅವರು ಸ್ವತಃ ಕುಡಿಯುತ್ತಿರಲಿಲ್ಲ, ದಿನಾ ವ್ಯಾಯಾಮ ಮಾಡುವವರು. ಆದರೂ ಆ ಹಾಡು ಕೇಳಿದರೆ ನಂಬಲೇಬೇಕು.

ಮೈಕು ಬಂದ ಮೇಲೆ ಹಾಡುಗಾರ ಕೂಗಬೇಕಿಲ್ಲ. ಆ ಬದಲಾವಣೆಯನ್ನು ಪೆದ್ರೊ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು ಅಂತ ನನ್ನ ಅನಿಸಿಕೆ. ನೆಗ್ರೆತೆ ಹಾಡು ಕೇಳಿದರೆ ನಾವು ಸಭಿಕರು. ಪೆದ್ರೊ ಹಾಡು ಕೇಳಿದರೆ ಪಕ್ಕದ ಮನೆಯವರು. ಭಾಷೆ ಗೊತ್ತಿಲ್ಲದವರಿಗೂ ಇದು ತಾಕುತ್ತದೆ. ನಮ್ಮ ಮನೆಗೆ ಬಂದವರು ಎರಡನೇ ಚರಣಕ್ಕೆ ತಲೆ ಎತ್ತುವುದು ಇದಕ್ಕೇ ಅಲ್ವಾ?

ಜನ ಅಷ್ಟು ಹೇಳುವ 'ನೊಸೊತ್ರೋಸ್ ಲೊಸ್ ಪೊಬ್ರೆಸ್' ಯಾಕೆ ಮುಖ್ಯ?

ಹೆಸರಿನ ಅರ್ಥ 'ನಾವು ಬಡವರು'. 1948ರಲ್ಲಿ ಬಂದ ಚಿತ್ರ. ನಿರ್ದೇಶಕ ಇಸ್ಮಾಯೆಲ್ ರೊಡ್ರಿಗೆಸ್. ಪೆದ್ರೊ ಅವರ ಒಳ್ಳೆಯ ಚಿತ್ರಗಳಲ್ಲಿ ತುಂಬಾ ಪಾಲು ಇವರೇ ಮಾಡಿದ್ದು.

ಕಥೆ ನಡೆಯುವುದು ಮೆಕ್ಸಿಕೋ ಸಿಟಿಯ ಒಂದು ವೆಸಿಂದಾದ್‌ನಲ್ಲಿ. ವೆಸಿಂದಾದ್ ಅಂದರೆ ನಮ್ಮ ವಠಾರವೇ. ನಡುವೆ ಅಂಗಳ, ಸುತ್ತ ಒಂದೊಂದು ಕೋಣೆಯ ಮನೆಗಳು, ಎಲ್ಲರ ಜಗಳವೂ ಎಲ್ಲರಿಗೂ ಕೇಳುತ್ತದೆ. ಪೆಪೆ ಎಲ್ ತೋರೊ ಅಲ್ಲಿನ ಬಡಗಿ. ಚಾಚಿತಾ ಎಂಬ ಹುಡುಗಿ ಅವನನ್ನು ಅಪ್ಪ ಅಂತ ನಂಬಿರುತ್ತಾಳೆ. ನಿಜದಲ್ಲಿ ಅವನು ಅವಳ ಮಾವ, ಅವಳ ಅಮ್ಮನ ಒಡಹುಟ್ಟಿದವನು. ಮನೆಯಲ್ಲಿ ಪಾರ್ಶ್ವವಾಯು ಬಡಿದ ತಾಯಿ. ಮಾಡದ ಕೊಲೆಗೆ ಪೆಪೆ ಜೈಲಿಗೆ ಹೋಗುತ್ತಾನೆ. ಮುಂದೆ ಕಣ್ಣೀರು, ಇನ್ನಷ್ಟು ಕಣ್ಣೀರು.

ಅತಿ ಅನ್ನಿಸುತ್ತದಾ? ಹೌದು, ಅಲ್ಲಲ್ಲಿ ಅತಿಯಾಗಿದೆ. ಆದರೆ ಪೆದ್ರೊ ಕೀಸುಳಿ ಹಿಡಿಯುವ ರೀತಿ ನೋಡಿ. ಅದು ಸೆಟ್ಟಿನಲ್ಲಿ ಕಲಿತ ಕೈಯಲ್ಲ. ಮರದ ಹೊಟ್ಟಿನ ನಡುವೆ ನಿಂತು ಸಿಳ್ಳೆ ಹಾಕುತ್ತಾ 'ಅಮೊರ್ಸಿತೊ ಕೊರಾಸೊನ್' ಹಾಡುತ್ತಾರೆ. ಎದುರಿನಿಂದ ಹುಡುಗಿಯ ಸಿಳ್ಳೆ ಉತ್ತರ ಬರುತ್ತದೆ. ಮಾನುವೆಲ್ ಎಸ್ಪೆರೊನ್ ಅವರ ರಾಗ ಅದು. ಆವತ್ತಿನಿಂದ ಆ ಹಾಡು ಮೆಕ್ಸಿಕೋದ ಪ್ರೇಮಿಗಳದ್ದಾಯಿತು. ಅದೇ ವರ್ಷ ಮುಂದಿನ ಭಾಗ 'ಉಸ್ತೆದೆಸ್ ಲೊಸ್ ರಿಕೊಸ್' ಬಂತು, 'ನೀವು ಶ್ರೀಮಂತರು' ಅಂತ ಅರ್ಥ. ಅದರಲ್ಲಿ ಬೆಂಕಿಗೆ ಸಿಕ್ಕ ಪುಟ್ಟ ಮಗನನ್ನು ಎತ್ತಿಕೊಂಡು ಪೆಪೆ ನಗುತ್ತಾ ಅಳುವ ದೃಶ್ಯವಿದೆ. ನಾನು ಅದನ್ನು ಒಂದೇ ಸಲ ನೋಡಿದ್ದೇನೆ. ಇನ್ನೊಂದು ಸಲ ನೋಡುವ ಧೈರ್ಯ ಬಂದಿಲ್ಲ.

ನಾಯಕಿ ಬ್ಲಾಂಕಾ ಎಸ್ತೆಲಾ ಪಾವೊನ್. ಈ ಜೋಡಿಯನ್ನು ಜನ ತುಂಬಾ ಹಚ್ಚಿಕೊಂಡಿದ್ದರು. 1949ರ ಸೆಪ್ಟೆಂಬರ್‌ನಲ್ಲಿ ಬ್ಲಾಂಕಾ ವಿಮಾನ ಅಪಘಾತದಲ್ಲಿ ಹೋದರು. ವಯಸ್ಸು ಬರೀ 23. ಮೂರನೇ ಭಾಗ 'ಪೆಪೆ ಎಲ್ ತೋರೊ' 1953ರಲ್ಲಿ ಬಂದಾಗ ಕಥೆಯಲ್ಲೂ ಅವನ ಹೆಂಡತಿ ತೀರಿಹೋಗಿರುತ್ತಾಳೆ. ಅವರ ಜಾಗಕ್ಕೆ ಇನ್ನೊಬ್ಬರನ್ನು ತರಲಿಲ್ಲ. ಅದು ಸರಿಯಾದ ನಿರ್ಧಾರ.

ಬರೀ ಅಳಿಸುವ ಚಿತ್ರಗಳೇನಾ?

ಖಂಡಿತಾ ಅಲ್ಲ. 'ಲೊಸ್ ತ್ರೆಸ್ ಗಾರ್ಸಿಯಾ' ನೋಡಿ. ಜಗಳಗಂಟ ಮೂವರು ಮೊಮ್ಮಕ್ಕಳು, ಚುಟ್ಟಾ ಸೇದುತ್ತಾ ಕೋಲಿನಲ್ಲಿ ಬಾರಿಸುವ ಅಜ್ಜಿ. ಅಜ್ಜಿಯಾಗಿ ಸಾರಾ ಗಾರ್ಸಿಯಾ. ಮುಂದೆ ಅವರ ಮುಖ ಮೆಕ್ಸಿಕೋದ ಒಂದು ಚಾಕೊಲೇಟ್ ಪೊಟ್ಟಣದ ಮೇಲೂ ಬಂತು. ಇಡೀ ದೇಶಕ್ಕೆ ಅವರು ಅಜ್ಜಿ. 1947ರಲ್ಲೇ ಬಂದ ಎರಡನೇ ಭಾಗದಲ್ಲಿ ಅಜ್ಜಿ ಸಾಯುತ್ತಾಳೆ. ಕುಡಿದು ಅಳುತ್ತಾ ಪೆದ್ರೊ 'ಮಿ ಕಾರಿನ್ಯೀತೊ' ಹಾಡುತ್ತಾರೆ. ನಗಿಸುವ ಚಿತ್ರ ಅಂದೆ, ನೋಡಿ ಮತ್ತೆ ಅಳುವಿಗೇ ಬಂದೆ. ಪೆದ್ರೊ ಚಿತ್ರಗಳಲ್ಲಿ ಇವೆರಡು ಬೇರೆ ಮಾಡಲು ಬರುವುದಿಲ್ಲ.

ಪೂರ್ತಿ ನಗು ಬೇಕಿದ್ದರೆ 1951ರ 'ಆ ತೋದಾ ಮಾಕಿನಾ'. ಮೋಟಾರ್‌ಸೈಕಲ್ ಟ್ರಾಫಿಕ್ ಪೊಲೀಸರ ಕಥೆ, ಜೊತೆಗೆ ಲೂಯಿಸ್ ಆಗಿಲಾರ್. 'ಲೊಸ್ ತ್ರೆಸ್ ವಾಸ್ತೆಕೊಸ್'ನಲ್ಲಿ ತ್ರಿಪಾತ್ರ. ಅದರಲ್ಲಿ ಒಬ್ಬ ಪಾದ್ರಿ, ಒಬ್ಬ ಸೈನಿಕ.

ನೆಗ್ರೆತೆಗೂ ಇವರಿಗೂ ಪೈಪೋಟಿ ಇತ್ತಾ?

ಅಭಿಮಾನಿಗಳ ನಡುವೆ ಜೋರಾಗಿತ್ತು. ಇಬ್ಬರೂ ಒಟ್ಟಿಗೆ ನಾಯಕರಾಗಿದ್ದು ಒಂದೇ ಚಿತ್ರದಲ್ಲಿ, 1953ರ 'ದೋಸ್ ತಿಪೊಸ್ ದೆ ಕುಯಿದಾದೊ'. ಅದರಲ್ಲಿ ಇಬ್ಬರೂ ಎದುರುಬದುರು ನಿಂತು ಪದಕ್ಕೆ ಪದ ಕಟ್ಟಿ ಹಾಡಿನಲ್ಲೇ ಬೈದಾಡುತ್ತಾರೆ. ಒಬ್ಬರನ್ನು ಇನ್ನೊಬ್ಬರು ತಗ್ಗಿಸದ ಹಾಗೆ ರೊಡ್ರಿಗೆಸ್ ಅದನ್ನು ತೂಗಿದ್ದಾರೆ. ಅದೇ ವರ್ಷ ಡಿಸೆಂಬರ್ 5ರಂದು ನೆಗ್ರೆತೆ ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡರು. ಇನ್ನೊಂದು ಜೋಡಿ ಚಿತ್ರಕ್ಕೆ ಕಾಲ ಸಿಗಲಿಲ್ಲ. ಇವರಿಬ್ಬರ ಜೊತೆ ಗಾಯಕ ಹವಿಯೆರ್ ಸೊಲೀಸ್ ಅವರನ್ನು ಸೇರಿಸಿ 'ಮೆಕ್ಸಿಕೋದ ಮೂರು ಹುಂಜಗಳು' ಅಂತಾರೆ. ಸೊಲೀಸ್ ಕೂಡ 1966ರಲ್ಲಿ, 34ನೇ ವಯಸ್ಸಿಗೇ ಹೋದರು.

ಪ್ರಶಸ್ತಿಗಳು?

ಮೆಕ್ಸಿಕೋದ ಆರಿಯೆಲ್ ಪ್ರಶಸ್ತಿ 1956ರಲ್ಲಿ, 'ಲಾ ವಿದಾ ನೊ ವಾಲೆ ನಾದಾ' ಚಿತ್ರಕ್ಕೆ. 1957ರಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟನಿಗೆ ಕೊಡುವ ಬೆಳ್ಳಿ ಕರಡಿ, 'ತಿಸೋಕ್' ಚಿತ್ರಕ್ಕೆ. ಆ ಪ್ರಶಸ್ತಿ ಬಂದಾಗ ಅವರು ಇರಲಿಲ್ಲ.

'ತಿಸೋಕ್' ಬಗ್ಗೆ ಒಂದು ಮಾತು. ಅದರಲ್ಲಿ ಅವರು ಬೆಟ್ಟದ ಮೂಲನಿವಾಸಿ ಯುವಕ. ನಾಯಕಿ ಮರಿಯಾ ಫೆಲಿಕ್ಸ್, ನೆಗ್ರೆತೆ ಅವರ ಪತ್ನಿಯಾಗಿದ್ದವರು. ಮೂಲನಿವಾಸಿಯನ್ನು ತೊದಲು ಮಾತಿನ ಮುಗ್ಧನಂತೆ ತೋರಿಸಿದ್ದು ನನಗೆ ಸರಿ ಕಾಣುವುದಿಲ್ಲ. ಬರ್ಲಿನ್‌ನವರು ಮೆಚ್ಚಿದ್ದು ಇದನ್ನು. ಆದರೆ ಪೆದ್ರೊ ಯಾಕೆ ದೊಡ್ಡ ನಟ ಅಂತ ತಿಳಿಯಬೇಕಿದ್ದರೆ ಬಡಗಿ ಪೆಪೆಯನ್ನೇ ನೋಡಬೇಕು.

ಅವರ ಸಂಸಾರದ ಬಗ್ಗೆ ಏನೇನೋ ಕೇಳಿದ್ದೇವೆ. ನಿಜವಾ?

ಸಂಸಾರ ಸರಳವಾಗಿರಲಿಲ್ಲ. ಮರಿಯಾ ಲೂಯಿಸಾ ಅವರ ಜೊತೆ ಮದುವೆ ಇರುವಾಗಲೇ ನೃತ್ಯಗಾರ್ತಿ ಲುಪಿತಾ ತೊರ್ರೆಂತೆರಾ ಅವರ ಜೊತೆ ಮಕ್ಕಳಾದರು. ಆಮೇಲೆ 1953ರಲ್ಲಿ ನಟಿ ಇರ್ಮಾ ದೊರಾಂತೆಸ್ ಅವರನ್ನು ಮದುವೆಯಾದರು. ಮೊದಲ ಪತ್ನಿ ಕೋರ್ಟಿಗೆ ಹೋದರು. 1957ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಇರ್ಮಾ ಜೊತೆಗಿನ ಮದುವೆ ಊರ್ಜಿತವಲ್ಲ ಎಂದಿತು. ಇದರಲ್ಲಿ ನೊಂದವರು ಹೆಂಗಸರು. ಪೆದ್ರೊ ಹಾಡು ನನಗೆ ಎಷ್ಟೇ ಇಷ್ಟವಾದರೂ ಈ ಮಾತನ್ನು ಮುಚ್ಚಿಡುವುದು ಸರಿಯಲ್ಲ. ಊರಲ್ಲೇ ಉಳಿಯುತ್ತಿದ್ದ ಬಡಗಿಯನ್ನು ರಾಜಧಾನಿಗೆ ತಂದಿದ್ದು ಆ ಮೊದಲ ಪತ್ನಿಯೇ ಅಲ್ವಾ?

ತೀರಿಕೊಂಡಿದ್ದು ಹೇಗೆ?

ಅವರಿಗೆ ವಿಮಾನ ಹಾರಿಸುವ ಹುಚ್ಚು. ಪೈಲಟ್ ಲೈಸೆನ್ಸ್ ಇತ್ತು. ಅದಕ್ಕೂ ಮುಂಚೆ ಅಪಘಾತಗಳಾಗಿದ್ದವು. 1949ರಲ್ಲಿ ಸಿತಾಕುವಾರೊ ಎಂಬ ಊರಿನ ಹತ್ತಿರ ಬಿದ್ದಾಗ ತಲೆಬುರುಡೆ ಒಡೆದು, ಹಣೆಗೆ ಲೋಹದ ತಗಡು ಕೂರಿಸಬೇಕಾಯಿತು. ಹತ್ತಿರದವರು ಬೇಡ ಅಂದರೂ ಬಿಡಲಿಲ್ಲ.

1957ರಲ್ಲಿ ಅವರು ಯುಕತಾನ್‌ನ ಮೆರಿದಾ ನಗರದಲ್ಲಿದ್ದರು. ಏಪ್ರಿಲ್ 15, ಈಸ್ಟರ್ ಹಬ್ಬಕ್ಕೆ ಮುಂಚಿನ ಪವಿತ್ರ ವಾರದ ಸೋಮವಾರ. ಮದುವೆಯ ತೀರ್ಪಿನ ವಿಷಯ ಬಗೆಹರಿಸಲು ರಾಜಧಾನಿಗೆ ಹೊರಟರು. ತಮಗೂ ಪಾಲಿದ್ದ ಕಂಪನಿಯ ಸರಕು ವಿಮಾನ ಅದು. ಯುದ್ಧಕಾಲದ ಬಿ-24 ಬಾಂಬರ್ ಅನ್ನು ಸರಕು ಸಾಗಿಸಲು ಮಾರ್ಪಡಿಸಿದ್ದು. ಒಳಗೆ ಮೀನು, ಬಟ್ಟೆ. ಪೆದ್ರೊ ಸಹ ಪೈಲಟ್ ಸೀಟಿನಲ್ಲಿದ್ದರು. ಬೆಳಿಗ್ಗೆ ಎಂಟಕ್ಕೂ ಮುಂಚೆ, ಮೇಲೆದ್ದ ಕೆಲವೇ ನಿಮಿಷಕ್ಕೆ ವಿಮಾನ ನಗರದ ಮನೆಗಳ ನಡುವೆ ಬಿತ್ತು. ಒಳಗಿದ್ದ ಮೂವರೂ ಹೋದರು. ನೆಲದ ಮೇಲಿದ್ದವರೂ ಬಲಿಯಾದರು. ಪೆದ್ರೊ ದೇಹ ಗುರುತಿಸಿದ್ದು ಕೈಯ ಚಿನ್ನದ ಕಡಗ ಮತ್ತು ಹಣೆಯ ಆ ಲೋಹದ ತಗಡಿನಿಂದ.

ರೇಡಿಯೋದಲ್ಲಿ ಸುದ್ದಿ ಬಂದಾಗ ದೇಶ ನಿಂತುಹೋಯಿತು. ಮೆಕ್ಸಿಕೋ ಸಿಟಿಯ ಪಾಂತೆಯೊನ್ ಹಾರ್ದಿನ್ ಸ್ಮಶಾನಕ್ಕೆ ಜನಸಾಗರವೇ ಬಂತು. ಮೋಟಾರ್‌ಸೈಕಲ್ ಪೊಲೀಸರು ತಮ್ಮವರೇ ಹೋದ ಹಾಗೆ ಮೆರವಣಿಗೆಯಲ್ಲಿ ಸಾಗಿದರು.

ಅವರು ಸತ್ತಿಲ್ಲ ಅನ್ನುವವರಿದ್ದಾರಂತೆ?

ಇದ್ದಾರೆ. ಮುಖ ಸುಟ್ಟುಹೋದ್ದರಿಂದ ಎಲ್ಲೋ ಮರೆಯಾಗಿ ಬದುಕಿದ್ದರು ಎಂಬ ಮಾತು ಎಷ್ಟೋ ವರ್ಷ ಓಡಾಡಿತು. ಅವರಂತೆಯೇ ಕಾಣುವ, ಹಾಡುವ ಮುದುಕರೊಬ್ಬರನ್ನು ನೋಡಿ ಅವರೇ ಅಂದವರೂ ಇದ್ದರು. ಇದು ಬರೀ ಮಾತು. ಅಷ್ಟು ಪ್ರೀತಿಸಿದವರು ಮುಚ್ಚಿದ ಪೆಟ್ಟಿಗೆಯನ್ನು ನಂಬುವುದು ಕಷ್ಟ.

ಇವತ್ತಿಗೂ ಜನ ಕೇಳುತ್ತಾರಾ?

ಹುಟ್ಟುಹಬ್ಬದ ಬೆಳಿಗ್ಗೆ ಮೆಕ್ಸಿಕೋದ ಮನೆಗಳಲ್ಲಿ 'ಲಾಸ್ ಮನ್ಯಾನಿತಾಸ್' ಎಂಬ ಹಳೆಯ ಹಾಡು ಹಾಕುತ್ತಾರೆ. ಎಷ್ಟೋ ಮನೆಗಳಲ್ಲಿ ಅದು ಪೆದ್ರೊ ಹಾಡಿದ್ದೇ ಆಗಿರುತ್ತದೆ. ಪ್ರತಿ ಏಪ್ರಿಲ್ 15ಕ್ಕೆ ಸಮಾಧಿಯ ಹತ್ತಿರ ಮರಿಯಾಚಿಗಳು, ಮೋಟಾರ್‌ಸೈಕಲ್ ಸವಾರರು, ಮೊಮ್ಮಕ್ಕಳ ಕೈ ಹಿಡಿದ ಅಜ್ಜಿಯರು ಸೇರುತ್ತಾರೆ. ಮಸಾತ್ಲಾನ್‌ನ ಸಮುದ್ರ ದಂಡೆಯಲ್ಲಿ ಮೋಟಾರ್‌ಸೈಕಲ್ ಮೇಲೆ ಕೂತ ಅವರ ಪ್ರತಿಮೆ ಇದೆ.

ನಮ್ಮ ಮಕ್ಕಳೂ ಒಂದು ರೀತಿಯಲ್ಲಿ ಅವರನ್ನು ನೋಡಿದ್ದಾರೆ. 2017ರ 'ಕೋಕೊ' ಎಂಬ ಅನಿಮೇಷನ್ ಚಿತ್ರದಲ್ಲಿ ಎರ್ನೆಸ್ತೊ ಎಂಬ ದೊಡ್ಡ ಗಾಯಕ-ನಟ ಇದ್ದಾನಲ್ಲ, ಅವನ ಠೀವಿ ನೆಗ್ರೆತೆ, ಪೆದ್ರೊ ಕಾಲದ ತಾರೆಗಳಿಂದ ಬಂದದ್ದು. ಸತ್ತವರ ಲೋಕದ ಪಾರ್ಟಿಯಲ್ಲಿ ಪೆದ್ರೊ ಅವರೇ ಅಸ್ಥಿಪಂಜರವಾಗಿ ಒಂದು ಕ್ಷಣ ಬಂದು ಹೋಗುತ್ತಾರೆ. ಆದರೆ ಎರ್ನೆಸ್ತೊನ ಕಳ್ಳಬುದ್ಧಿ ಕಥೆಯವರು ಕಟ್ಟಿದ್ದು. ಅದನ್ನು ಪೆದ್ರೊಗೆ ಹಚ್ಚಬೇಡಿ.

ಎಲ್ಲಿಂದ ಶುರು ಮಾಡಲಿ?

ಮೊದಲು ಹಾಡು. 'ಸಿಯೆನ್ ಆನ್ಯೋಸ್', ಆಮೇಲೆ 'ಅಮೊರ್ಸಿತೊ ಕೊರಾಸೊನ್'. ರಾತ್ರಿ, ಮನೆಯವರೆಲ್ಲಾ ಮಲಗಿದ ಮೇಲೆ, ಸಣ್ಣ ದನಿಯಲ್ಲಿ. ಅರ್ಥ ಹುಡುಕುವುದಕ್ಕೆ ಹೋಗಬೇಡಿ, ಎರಡು ಮೂರು ಸಲ ಹಾಗೇ ಕೇಳಿ.

ಚಿತ್ರಕ್ಕೆ ಬಂದರೆ 'ಆ ತೋದಾ ಮಾಕಿನಾ' ಮೊದಲು. ನಕ್ಕು ಪರಿಚಯವಾಗಲಿ. ಆಮೇಲೆ ನೆಗ್ರೆತೆ ಜೊತೆಗಿನ ಚಿತ್ರ. ಆಮೇಲೆ 'ನೊಸೊತ್ರೋಸ್ ಲೊಸ್ ಪೊಬ್ರೆಸ್', ಒಂದೇ ಕೂರಿಕೆಗೆ. ಪಕ್ಕದಲ್ಲಿ ಒಂದು ಟವಲ್ ಇಟ್ಟುಕೊಳ್ಳಿ.